ಬೆಟ್ಟಕ್ಕೂ ಹಕ್ಕಿಗೂ ಒಂದೇ ಕ್ಯಾಮೆರಾ: ಹೊಂದಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ಬೆಳಗಿನ ಮಂಜಿನಲ್ಲಿ ಬೆಟ್ಟದ ಸಾಲನ್ನು ಸೆರೆಹಿಡಿಯುತ್ತಿರುವಾಗಲೇ ಮಿಂಚುಳ್ಳಿಯೊಂದು ಎದುರಿಗೆ ಹಾರಿಬಂದರೆ, ನನ್ನ ಚಿತ್ರದಲ್ಲಿ ಅದು ಬರಿಯ ನೀಲಿ ಗೆರೆಯಾಗಿ ಉಳಿಯುತ್ತದೆ. ಎರಡನ್ನೂ ಮನಸಾರೆ ಪ್ರೀತಿಸುವವರು ಹೇಗೆ ಸಿದ್ಧರಾಗುತ್ತೀರಿ?

ಉತ್ತರ 1: ಭೂದೃಶ್ಯಕ್ಕೆ ಟ್ರೈಪಾಡ್, ಎಫ್/8ರಿಂದ ಎಫ್/11ರ ಅಪರ್ಚರ್ (ಬೆಳಕು ಒಳಬರುವ ಲೆನ್ಸಿನ ಕಿಂಡಿಯ ಅಳತೆ), ಐಎಸ್‌ಒ 100 (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಸಾಕು. ಹಾರುವ ಹಕ್ಕಿಗಾದರೆ ಶಟರ್ ವೇಗವನ್ನು (ಬೆಳಕನ್ನು ಒಳಬಿಡುವ ಅವಧಿಯನ್ನು) 1/2000 ಸೆಕೆಂಡಿನ ಆಸುಪಾಸಿಗೆ ತಂದು, ಐಎಸ್‌ಒ ಏರಿದರೂ ಅಂಜದೆ, ಫೋಕಸನ್ನು ಅದರ ಕಣ್ಣಿನ ಮೇಲೆ ನಿಲ್ಲಿಸಬೇಕು. ಅದರಿಂದ ಚಿತ್ರದಲ್ಲಿ ಮೂಡುವ ನಾಯ್ಸನ್ನು (ಕಾಳುಕಾಳಾದ ಚುಕ್ಕೆಗಳನ್ನು) ಆಮೇಲೆ ತಗ್ಗಿಸಬಹುದು, ಅಲುಗಿದ ಕಣ್ಣನ್ನು ಸರಿಪಡಿಸುವುದು ಬಹಳ ಕಷ್ಟ.

ಉತ್ತರ 2: ಎರಡೂ ಹೊಂದಿಕೆಗಳನ್ನು, ಬೇಕಾದಾಗ ಒಂದೇ ಸಲಕ್ಕೆ ಮರಳಿ ತರಬಹುದಾದ ಕಸ್ಟಮ್ ಮೋಡ್‌ಗಳಲ್ಲಿ ಉಳಿಸಿಡಿ.

ಉತ್ತರ 3: ಗೂಡಿನ ಬಳಿ ಮಾತ್ರ ದಯವಿಟ್ಟು ನಿಲ್ಲಬೇಡಿ. ಹಕ್ಕಿಯು ಕೊಕ್ಕಿನಲ್ಲಿ ಮೀನು ಹಿಡಿದು, ಮರಿಗಳ ಬಳಿಗೆ ಹೋಗದೆ ಕೊಂಬೆಯಲ್ಲೇ ಕಾಯುತ್ತಿದ್ದರೆ, ನೀವು ಅಡ್ಡಿಯಾಗಿರಬಹುದೆಂದು ತಿಳಿದು ಹಿಂದೆ ಸರಿಯಿರಿ.