ಬೆಳಗಿನ ಮೊದಲ ಸ್ಟಾರ್ಟ್‌ಗೆ ಐದು ಸೆಕೆಂಡ್ ಗರಗರ ಸದ್ದು, ಟೈಮಿಂಗ್ ಚೈನಾ?

ಗೂಡಿನ ಗಾಡಿ:

ನಮ್ಮದು ಚಿಂತಾಮಣಿ ಹತ್ತಿರದ ಹಳ್ಳಿ, ರೇಷ್ಮೆ ಸಾಕುತ್ತೇವೆ. ಗಾಡಿ 2012ರ ಪೆಟ್ರೋಲ್ ಕಾರು, 1.2 ಲೀಟರ್, ನಾಲ್ಕು ಸಿಲಿಂಡರ್. ನಾನು ಎರಡನೇ ಓನರ್. ಮೀಟರ್ 1,38,000 ಕಿ.ಮೀ. ತೋರಿಸುತ್ತಿದೆ, ಅದು ನಿಜವೋ ಸುಳ್ಳೋ ಮಾರಿದವನಿಗೇ ಗೊತ್ತು. ಗೂಡು ಬಿಡಿಸಿದ ಮೇಲೆ ಹಿಂದಿನ ಸೀಟು ಮಡಚಿ, ಚೀಲ ತುಂಬಿಕೊಂಡು ಬೆಳಗ್ಗೆ ಐದಕ್ಕೆಲ್ಲ ಶಿಡ್ಲಘಟ್ಟದ ಮಾರುಕಟ್ಟೆಗೆ ಹೊರಡುತ್ತೇನೆ.

ರಾತ್ರಿಯಿಡೀ ನಿಂತ ಗಾಡಿಗೆ ಸೆಲ್ಫ್ ಹೊಡೆದ ತಕ್ಷಣ ಗರಗರ ಅನ್ನುತ್ತದೆ. ತಗಡಿನ ಡಬ್ಬಿಗೆ ಹುಣಸೆ ಬೀಜ ಹಾಕಿ ಅಲ್ಲಾಡಿಸಿದ ಹಾಗೆ. ದೀಪಾವಳಿ ಹೊತ್ತಿಗೆ ಒಂದೆರಡು ಸೆಕೆಂಡ್ ಇತ್ತು. ಈಗ ಸಂಕ್ರಾಂತಿ ಮುಗಿದಿದೆ, ಐದು ಸೆಕೆಂಡ್ ಆಗಿದೆ. ಆಮೇಲೆ ಪೂರ್ತಿ ಮಾಯ. ದಾರಿಯಲ್ಲಿ ಟೀ ಕುಡಿದು ಮತ್ತೆ ಸ್ಟಾರ್ಟ್ ಮಾಡಿದರೆ ಇಲ್ಲವೇ ಇಲ್ಲ. ಪಿಕಪ್, ಮೈಲೇಜ್ ಸರಿ ಇದೆ. ಚೆಕ್ ಎಂಜಿನ್ ದೀಪವೂ ಹತ್ತಿಲ್ಲ.

ಹನ್ನೊಂದು ಗಂಟೆಗೆ ಬಿಸಿ ಎಂಜಿನ್ ಗ್ಯಾರೇಜಿಗೆ ಕೊಂಡೊಯ್ದರೆ "ಏನೂ ಸದ್ದಿಲ್ಲವಲ್ಲ ಯಜಮಾನ್ರೇ" ಅಂತಾರೆ. ಮನೆಯಲ್ಲೂ ಯಾರಿಗೂ ಕೇಳಿಸುವುದಿಲ್ಲವಂತೆ. ನಾಲ್ಕನೇ ಜ್ವರ (ಪೊರೆ ಬಿಡುವುದು) ಎದ್ದ ಹುಳು ಸೊಪ್ಪು ತಿನ್ನುವಾಗ ಸೋನೆ ಮಳೆ ಬಿದ್ದ ಹಾಗೆ ಕೇಳಿಸುತ್ತದೆ. ಆ ಸದ್ದು ಸ್ವಲ್ಪ ಕಮ್ಮಿಯಾದರೂ ನಡುರಾತ್ರಿ ಎಚ್ಚರವಾಗುವ ಕಿವಿ ನನ್ನದು. ಇದು ಭ್ರಮೆ ಅಲ್ಲ. ಏನು ಮಾಡಲಿ?

ಹೈವೇ ಹುಡುಗ:

ಅಣ್ಣಾ, ಹಳೇ ಗಾಡಿ ಅಲ್ವಾ. 20ಡಬ್ಲ್ಯೂ-50 ಆಯಿಲ್ ಹಾಕಿಬಿಡಿ. ದಪ್ಪ ಆಯಿಲ್ ಸದ್ದನ್ನು ನುಂಗಿಬಿಡುತ್ತದೆ. ನಮ್ಮ ಮಾವನ ಗಾಡಿಗೂ ಹಾಗೇ ಮಾಡಿದ್ದು.

ಹಳೇ ಸ್ಪ್ಯಾನರ್:

ದಪ್ಪ ಆಯಿಲ್ ಹಾಕಬೇಡಿ ಯಜಮಾನ್ರೇ. ನಿಮ್ಮ ಕಾಯಿಲೆಗೆ ಅದು ಉಲ್ಟಾ ಔಷಧಿ.

ಟೈಮಿಂಗ್ ಚೈನ್ ಅಂದರೆ ಪಿಸ್ಟನ್ ತಿರುಗಿಸುವ ಕ್ರ್ಯಾಂಕಿಗೂ ವಾಲ್ವ್ ತೆರೆಯುವ ಕ್ಯಾಮಿಗೂ ತಾಳ ಹೊಂದಿಸುವ ಚೈನ್. ಅದನ್ನು ಬಿಗಿಯಾಗಿ ಹಿಡಿಯುವುದು ಟೆನ್ಷನರ್. ಒಳಗೊಂದು ಸ್ಪ್ರಿಂಗ್ ಇರುತ್ತದೆ, ಆದರೆ ನಿಜವಾದ ಬಲ ಆಯಿಲ್ ಪ್ರೆಷರಿನದು. ರಾತ್ರಿಯೆಲ್ಲ ನಿಂತಾಗ ಆಯಿಲ್ ಕೆಳಗಿನ ತೊಟ್ಟಿಗೆ, ಅಂದರೆ ಚೇಂಬರಿಗೆ ಇಳಿದಿರುತ್ತದೆ. ಬೆಳಗ್ಗೆ ಪಂಪ್ ಅದನ್ನು ಮೇಲಕ್ಕೆ ತರುವವರೆಗೆ ಚೈನ್ ಸಡಿಲ. ಅದು ಗೈಡಿಗೆ (ಚೈನ್ ಜಾರುವ ಪ್ಲಾಸ್ಟಿಕ್ ಪಟ್ಟಿ) ಬಡಿಯುವುದೇ ನಿಮ್ಮ ಹುಣಸೆ ಬೀಜ. ಚಳಿಯಲ್ಲಿ 20ಡಬ್ಲ್ಯೂ-50 ಜೋನಿ ಬೆಲ್ಲದ ಹಾಗೆ ಹರಿಯುತ್ತದೆ, ಮೇಲೆ ಬರಲು ಇನ್ನೂ ತಡ. ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ಇರುವ ಗ್ರೇಡೇ ಸರಿ.

ಒಳ್ಳೇ ಚೈನ್ ಇದ್ದರೂ ಅರ್ಧ, ಒಂದು ಸೆಕೆಂಡ್ ಗರ್ರ್ ಅನ್ನಬಹುದು. ವಿವಿಟಿ (ವಾಲ್ವ್ ತೆರೆಯುವ ಸಮಯವನ್ನು ಹಿಂದುಮುಂದು ಮಾಡುವ ವ್ಯವಸ್ಥೆ) ಇರುವ ಎಂಜಿನ್ನಾದರೆ ಕ್ಯಾಮ್ ಗಿಯರಿನ ಲಾಕ್ ಪಿನ್ ಕೂಡ ಹಾಗೇ ಸದ್ದು ಮಾಡುತ್ತದೆ. ಅದಕ್ಕೆಲ್ಲ ನಾನು ಹೆದರುವುದಿಲ್ಲ. ನೀವು ಬರೆದದ್ದರಲ್ಲಿ ನನ್ನನ್ನು ಎಚ್ಚರಿಸಿದ ಮಾತು ಬೇರೆ: ಎರಡು ಸೆಕೆಂಡ್ ಇದ್ದದ್ದು ಮೂರು ತಿಂಗಳಲ್ಲಿ ಐದಾಯಿತು ಅಂದದ್ದು. ಚೈನ್ "ಹಿಗ್ಗಿದೆ" ಅಂತ ನಾವು ಹೇಳುತ್ತೇವೆ, ಆದರೆ ಅದೇನು ರಬ್ಬರ್ ಅಲ್ಲ. ಪ್ರತಿ ಕೊಂಡಿಯ ಪಿನ್ ಕೂದಲೆಳೆಯಷ್ಟು ಸವೆಯುತ್ತದೆ. ಎಲ್ಲ ಕೊಂಡಿಗಳದ್ದೂ ಸೇರಿ ಚೈನ್ ಉದ್ದವಾಗುತ್ತದೆ. ಟೆನ್ಷನರ್ ಎಷ್ಟು ದೂರ ಅಂತ ಕೈ ಚಾಚೀತು?

ಈಗಲೇ ಚೈನ್ ಬಿಚ್ಚಿಸಬೇಡಿ. ಮೊದಲು ಡಿಪ್‌ಸ್ಟಿಕ್ ಎಳೆದು ಆಯಿಲ್ ಲೆವೆಲ್ ನೋಡಿ. ಅರ್ಧ ರೋಗ ಅಲ್ಲೇ ಸಿಗುತ್ತದೆ. ಆಮೇಲೆ ಫಿಲ್ಟರ್. ಡಬ್ಬಿ ಥರದ ಫಿಲ್ಟರಿನ ಒಳಗೆ ರಬ್ಬರ್ ವಾಲ್ವ್ ಇರುತ್ತದೆ, ನಿಂತಾಗ ಆಯಿಲ್ ಹಿಂದಕ್ಕೆ ಇಳಿಯದಂತೆ ತಡೆಯುವುದು ಅದರ ಕೆಲಸ. ಅಗ್ಗದ ಫಿಲ್ಟರಿನಲ್ಲಿ ಅದು ಸರಿಯಾಗಿ ಕೂರುವುದಿಲ್ಲ. ಫಿಲ್ಟರ್, ಆಯಿಲ್ ಬದಲಿಸಿ ಒಂದು ವಾರ ಸೆಕೆಂಡ್ ಎಣಿಸಿ. ಫೋನಿನಲ್ಲಿ ರೆಕಾರ್ಡ್ ಮಾಡಿ.

ಹೋಗದಿದ್ದರೆ ಗಾಡಿಯನ್ನು ಸಂಜೆಯೇ ಗ್ಯಾರೇಜಿನಲ್ಲಿ ಬಿಟ್ಟುಬನ್ನಿ, ಬೆಳಗಿನ ಮೊದಲ ಸೆಲ್ಫ್ ಮೆಕ್ಯಾನಿಕ್ ಕೈಯಲ್ಲೇ ಆಗಲಿ. ಉದ್ದ ಸ್ಕ್ರೂಡ್ರೈವರಿನ ತುದಿ ಬೆಲ್ಟ್ ಕಡೆಯ ಟೈಮಿಂಗ್ ಕವರಿಗೆ, ಹಿಡಿ ಕಿವಿಗೆ. ಸದ್ದು ಅಲ್ಲೇ ಜೋರಾಗಿದ್ದರೆ ಚೈನ್ ಕಡೆಯದೇ. ನೀವೇ ನೋಡುವುದಾದರೆ ಟವಲ್, ಲುಂಗಿ ಬೆಲ್ಟ್ ಹತ್ತಿರ ತರಬೇಡಿ. ದೀಪ ಹತ್ತಿಲ್ಲ ಅಂತ ಸುಮ್ನೆ ಇರಬೇಡಿ. ಕ್ರ್ಯಾಂಕ್ ಮತ್ತು ಕ್ಯಾಮ್ ಲೆಕ್ಕ ಸಾಕಷ್ಟು ತಪ್ಪಿದ ಮೇಲೆಯೇ ಪಿ0016 ಅನ್ನುವ ದೋಷದ ಕೋಡ್ ಬರುವುದು. ಅಷ್ಟರಲ್ಲಿ ಚೈನ್ ಒಂದೆರಡು ಹಲ್ಲು ಹಾರಿದರೆ ವಾಲ್ವ್ ಹೋಗಿ ಪಿಸ್ಟನ್ನಿಗೆ ಬಡಿಯಬಹುದು. ಆಮೇಲೆ ಎಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್ ಇಳಿಸುವ ಖರ್ಚು.

ಪಿನಾಕಿನಿ ದಂಡೆ:

ಗೌರಿಬಿದನೂರಿನಿಂದ. ಸದ್ದು ಎಷ್ಟು ಹೊತ್ತು ಇರುತ್ತದೆ ಅನ್ನುವುದನ್ನು ಸರಿಯಾಗಿ ನೋಡಿ. ನನ್ನದು ಸ್ಟಾರ್ಟ್ ಆದ ಮೇಲೆ ಐದಾರು ನಿಮಿಷ ಟಿಕ್ ಟಿಕ್ ಅನ್ನುತ್ತಿತ್ತು. ಚೈನ್ ಅಂದರು, ದುಡ್ಡು ಕೊಟ್ಟು ಬದಲಿಸಿದೆ. ಮಾರನೇ ದಿನ ಅದೇ ಟಿಕ್ ಟಿಕ್! ಕೊನೆಗೆ ನೋಡಿದರೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನ (ಎಂಜಿನ್ನಿಂದ ಹೊಗೆ ಹೊರತರುವ ಕೊಳವೆ) ಒಂದು ಸ್ಟಡ್ ಬೋಲ್ಟ್ ಮುರಿದು ಹೊಗೆ ಸೋರುತ್ತಿತ್ತು. ಬಿಸಿಯಾಗಿ ಕಬ್ಬಿಣ ಹಿಗ್ಗಿದಾಗ ಸಂದು ಮುಚ್ಚಿಕೊಳ್ಳುತ್ತಿತ್ತು, ಅಷ್ಟೇ. ಹಳೇ ಚೈನ್ ಇನ್ನೂ ಮನೆಯಲ್ಲಿದೆ, ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಹಳೇ ಸ್ಪ್ಯಾನರ್:

ಸರಿಯಾದ ಮಾತು. ನಿಮಿಷಗಟ್ಟಲೆ ಇದ್ದು ಬಿಸಿಯಾದಂತೆ ಹೋದರೆ ಮ್ಯಾನಿಫೋಲ್ಡ್ ಅಥವಾ ಪಿಸ್ಟನ್ ಸದ್ದು. ಸೆಕೆಂಡಿನಲ್ಲಿ, ಪ್ರೆಷರ್ ಬಂದ ಕೂಡಲೇ ನಿಂತರೆ ಟೆನ್ಷನರ್ ಕಡೆ ನೋಡಬೇಕು.

ಗೂಡಿನ ಗಾಡಿ:

ತಡವಾಗಿದ್ದಕ್ಕೆ ಕ್ಷಮಿಸಿ, ಒಂದು ಬೆಳೆ ಮುಗಿಯುವವರೆಗೆ ತಲೆ ಎತ್ತಲು ಆಗಲಿಲ್ಲ.

ಫಿಲ್ಟರ್, ಆಯಿಲ್ ಬದಲಿಸಿದೆ. ಹಳೇ ಫಿಲ್ಟರ್ ಮೇಲೆ ಹೆಸರೂ ಇರಲಿಲ್ಲ. ಐದು ಸೆಕೆಂಡ್ ಮೂರಕ್ಕೆ ಇಳಿಯಿತು. ಇಷ್ಟೇ ಅಂತ ಖುಷಿಪಟ್ಟೆ. ಎಂಟನೇ ದಿನವೂ ಮೂರೇ. ಸಂಜೆ ಗಾಡಿ ಬಿಟ್ಟು, ಬೆಳಗ್ಗೆ ಆರಕ್ಕೆ ಮೆಕ್ಯಾನಿಕ್ ಪಕ್ಕ ನಿಂತೆ. ಸ್ಕ್ರೂಡ್ರೈವರ್ ಕಿವಿಗಿಟ್ಟ ಹುಡುಗ ಸೆಲ್ಫ್ ಹೊಡೆಯುತ್ತಲೇ ನನ್ನ ಮುಖ ನೋಡಿದ. ಮಾತೇ ಬೇಕಾಗಲಿಲ್ಲ. ಸ್ಕ್ಯಾನರಿನಲ್ಲಿ ಒಂದು ಕೋಡೂ ಇರಲಿಲ್ಲ.

ಎಂಜಿನ್ ಮೇಲಿನ ಟ್ಯಾಪೆಟ್ ಕವರ್ ತೆಗೆದಾಗ ಚೈನ್ ಬೆರಳಿಗೆ ಅಲ್ಲಾಡುತ್ತಿತ್ತು. ಚೇಂಬರ್ ಇಳಿಸಿದರೆ ಗೈಡಿನ ಕಂದು ಪ್ಲಾಸ್ಟಿಕ್ ಚೂರುಗಳು, ಅವರೆಕಾಳಿನ ಸಿಪ್ಪೆ ಥರ. ಚೈನ್, ಟೆನ್ಷನರ್, ಗೈಡ್, ಗಿಯರ್, ಮುಂದಿನ ಆಯಿಲ್ ಸೀಲ್ ಎಲ್ಲ ಹಾಕಿಸಿದೆ. ಕೂಲಿ ಸೇರಿ 17,000 ಆಯಿತು. ಹೊಸ ಚೈನ್, ಹಳೇ ಚೈನ್ ಎರಡನ್ನೂ ಒಂದೇ ಮೊಳೆಗೆ ನೇತುಹಾಕಿ ತೋರಿಸಿದರು. ಹಳೆಯದು ನಾಲ್ಕೈದು ಮಿಲಿಮೀಟರ್ ಕೆಳಗಿತ್ತು. ಇಷ್ಟಕ್ಕೇನಾ ಅನ್ನಿಸಿತು, ನಿಜ ಹೇಳಬೇಕೆಂದರೆ.

ಹಳೇ ಸ್ಪ್ಯಾನರ್:

ಅಷ್ಟೇ ಸಾಕು. ಒಂದು ಕೇಳಬೇಕು: ಸ್ಟಾರ್ಟ್ ಮಾಡುವ ಮೊದಲು ಕ್ರ್ಯಾಂಕನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ ಟೈಮಿಂಗ್ ಗುರುತು ಸರಿಯಾಗಿ ಕೂತಿದೆಯಾ ಅಂತ ನೋಡಿದರಾ? ಚೇಂಬರಿನೊಳಗಿನ ಆಯಿಲ್ ಜಾಲರಿ ತೊಳೆದರಾ?

ಗೂಡಿನ ಗಾಡಿ:

ಸ್ಪ್ಯಾನರ್ ಹಾಕಿ ತಿರುಗಿಸಿದ್ದನ್ನು ನಾನೇ ನೋಡಿದೆ. ಜಾಲರಿ ಅವರು ತೊಳೆದಿರಲಿಲ್ಲ, ನಾನು ಹೇಳಿ ಬಿಚ್ಚಿಸಿದೆ. ಅದರಲ್ಲೂ ಎರಡು ಚೂರು ಸಿಕ್ಕಿಕೊಂಡಿದ್ದವು.