ಮರಾವಿಚ್ ಸೈನ್ ಇರೋ ಹಳೇ ಬಾಲ್, ಅಸಲಿನಾ?

ಕಾರ್ಡುಮರುಳ:
ಎಲ್ರಿಗೂ ನಮಸ್ಕಾರ. ಇಷ್ಟು ದಿನ ಬರೀ ಬಾಸ್ಕೆಟ್‌ಬಾಲ್ ಕಾರ್ಡ್ ಕೂಡಿಡ್ತಿದ್ದೆ, ಸೈನ್ ಮಾಡಿರೋ ಐಟಮ್ ತಗೊಂಡಿದ್ದು ಇದೇ ಮೊದ್ಲು. ಆನ್‌ಲೈನ್ ಹರಾಜಲ್ಲಿ ಸ್ಪಾಲ್ಡಿಂಗ್ ಕಂಪನಿಯ ಹಳೇ ಲೆದರ್ ಎನ್‌ಬಿಎ (ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್) ಬಾಲ್ ಸಿಕ್ತು, ಹಳೇ ಸ್ಟಾರ್ ಆಟಗಾರರಾದ ಪೀಟ್ ಮರಾವಿಚ್ದೂ ವಿಲ್ಟ್ ಚೇಂಬರ್ಲಿನ್ದೂ ಸೈನ್ ಇದೆ, ಬೋನಸ್ ಥರ ಆಗಿನ ಲೀಗ್ ಮುಖ್ಯಸ್ಥ, ಅಂದ್ರೆ ಕಮಿಷನರ್, ಡೇವಿಡ್ ಸ್ಟರ್ನ್ ಸೈನ್ ಬೇರೆ! ಮರಾವಿಚ್ ಸೈನ್ ಮಾತ್ರ ಮಾಸಿಹೋಗಿದೆ, ಅದೇ ಬಣ್ಣದ ಪೆನ್ನಲ್ಲಿ ಹಗೂರಕ್ಕೆ ತಿದ್ದಿದ್ರೆ ನಡಿಯುತ್ತಾ? ಅಸಲಿ ಅಂತ ಹೆಂಗೆ ಗೊತ್ತು ಮಾಡ್ಕೊಳ್ಳೋದು? ಮಾರಿದವ್ರು ಒಂದು ಸರ್ಟಿಫಿಕೇಟ್ ಕೊಟ್ಟಿದಾರೆ.

ಹಳೇಲೆದರ್:
ಅಯ್ಯೋ ಮಾರಾಯ್ರೆ, ಪೆನ್ ಕೆಳಗಿಡಿ ಮೊದ್ಲು. ತಿದ್ದಿದ ಕ್ಷಣದಿಂದ ಅದು ಮರಾವಿಚ್ ಸೈನ್ ಅಲ್ಲ, ನಿಮ್ದು. ಮಾಸಿದ್ದು ಮಾಸಿದ ಹಾಗೇ ಇರ್ಲಿ.

ಇನ್ನು ಆ ಸ್ಟರ್ನ್ ಸೈನ್, ಬೇಜಾರ್ ಮಾಡ್ಕೋಬೇಡಿ, ಅದು ಫ್ಯಾಕ್ಟರಿಲೇ ಒತ್ತಿರೋದು, ಆಗಿನ ಎನ್‌ಬಿಎ ಗೇಮ್ ಬಾಲ್ ಮೇಲೆಲ್ಲಾ ಇರುತ್ತೆ (ನಾನೂ ಮೊದಲನೇ ಬಾಲ್ ತಗೊಂಡಾಗ ಇದೇ ಥರ ಕುಣಿದಿದ್ದೆ). ಆದ್ರೆ ಕೆಲಸಕ್ಕೆ ಬರೋದೇ ಅದು. ಸೈನ್ ನೋಡೋಕೆ ಮುಂಚೆ ಬಾಲ್ ನೋಡ್ಬೇಕು. ಸ್ಟರ್ನ್ ಕಮಿಷನರ್ ಆಗಿದ್ದು 1984ರ ಫೆಬ್ರವರಿಲಿ, ಅದಕ್ಕೂ ಮುಂಚೆ ಲ್ಯಾರಿ ಓಬ್ರಿಯನ್. ಮರಾವಿಚ್ ತೀರಿಕೊಂಡಿದ್ದು 1988ರ ಜನವರಿ, ಪಾಪ 40 ವರ್ಷಕ್ಕೇ. ಅಂದ್ರೆ ನಿಮ್ಮ ಬಾಲ್ ಮೇಲೆ ಅವರು ಸೈನ್ ಹಾಕಿದ್ರೆ ಆ ನಾಲ್ಕು ವರ್ಷದ ಸಂದೀಲೇ ಹಾಕಿರ್ಬೇಕು. ವಿಲ್ಟ್ 1999ರವರೆಗೂ ಇದ್ರು, ಅವರದ್ದು ಅಷ್ಟು ಟೈಟ್ ಇಲ್ಲ. ಸರ್ಟಿಫಿಕೇಟಲ್ಲಿ ಏನು ಬರ್ದಿದೆ ಹೇಳಿ.

ಮೂರನೇಕ್ವಾರ್ಟರ್:
ಹಳೇಲೆದರ್ ಹೇಳಿದ್ದು ಸರಿ, ಆದ್ರೆ ನಾಲ್ಕು ವರ್ಷ ಕಮ್ಮಿ ಏನಲ್ಲ, ಅಷ್ಟಕ್ಕೇ ಡೂಪ್ಲಿಕೇಟ್ ಅಂತ ಯಾರೂ ತೀರ್ಮಾನ ಮಾಡ್ಬೇಡಿ. ನಾನಾದ್ರೆ ಗೆರೆ ನೋಡ್ತೀನಿ. ನಿಜವಾಗ್ಲೂ ಸೈನ್ ಮಾಡೋರ ಕೈ ಓಡುತ್ತೆ, ಶುರು ಮತ್ತೆ ಕೊನೆ ತೆಳ್ಳಗೆ ಎಳೆದಿರುತ್ತೆ. ನೋಡ್ಕೊಂಡು ಬರೆಯೋನ ಕೈ ತೆವಳುತ್ತೆ, ನಡುಗುತ್ತೆ, ನಿಲ್ಲಬಾರದ ಕಡೆ ನಿಂತು ಇಂಕ್ ಗುಡ್ಡೆ ಆಗಿರುತ್ತೆ. ಲೆದರ್ ತರಿತರಿ ಇರೋದ್ರಿಂದ ಬಾಲ್ ಮೇಲೆ ಇದು ಕಷ್ಟ, ಲೆನ್ಸ್ ಇಟ್ಕೊಳ್ಳಿ. ಎರಡೂ ಸೈನ್ ಒಂದೇ ಪೆನ್ನು, ಒಂದೇ ಒತ್ತು, ಒಂದೇ ಓರೆ ಇದ್ರೆ ನಂಗಂತೂ ಡೌಟು.

ಸರ್ಟಿಫಿಕೇಟ್ ಬಗ್ಗೆ ಹೇಳ್ಬೇಕಂದ್ರೆ, ಸುಳ್ಳು ಸೈನ್ ಹಾಕೋನಿಗೆ ಸುಳ್ಳು ಕಾಗದ ಪ್ರಿಂಟ್ ಹಾಕೋದು ದೊಡ್ಡ ಕೆಲಸಾನಾ? ಎಫ್‌ಬಿಐನವರು 90ರ ದಶಕದಲ್ಲಿ ಆಪರೇಷನ್ ಬುಲ್‌ಪೆನ್ ಅಂತ ಮಾಡಿ ಒಂದು ದೊಡ್ಡ ಜಾಲ ಹಿಡಿದ್ರಲ್ಲ, ಅದರಲ್ಲಿ ಮದರ್ ತೆರೇಸಾ ಸೈನ್ ಇರೋ ಬೇಸ್‌ಬಾಲೂ ಸಿಕ್ಕಿತ್ತು 😂 ಮಾರಿದವನ ಕಾಗದ ಬಿಡಿ, ಪಿಎಸ್‌ಎ, ಜೆಎಸ್‌ಎ, ಬೆಕೆಟ್ ಥರ ಸೈನ್ ಅಸಲಿನಾ ಅಂತ ಪರೀಕ್ಷೆ ಮಾಡೋ ಹೊರಗಿನ ಕಂಪನಿಯವರಿಗೆ ತೋರ್ಸಿ. ಅವರದ್ದೂ ಅಭಿಪ್ರಾಯಾನೇ, ಆದ್ರೆ ಬಾಲ್ ಮಾರೋದ್ರಲ್ಲಿ ಅವರಿಗೆ ಲಾಭ ಇಲ್ವಲ್ಲ.

ಕಾರ್ಡುಮರುಳ:
ಸ್ಟರ್ನ್ ವಿಷ್ಯ ಓದಿ ನಾಚ್ಕೆ ಆಯ್ತು 🙈 ಸರ್ಟಿಫಿಕೇಟ್ ಈಗ ತೆಗ್ದು ನೋಡ್ದೆ, "ಇಬ್ಬರೂ 1982ರಲ್ಲಿ ಖುದ್ದಾಗಿ ಸಹಿ ಮಾಡಿದ್ದು" ಅಂತಿದೆ. ಮತ್ತೆ ಹೌದು, ಪೆನ್ ಒಂದೇ ಥರ ಕಾಣ್ಸುತ್ತೆ.

ಹಳೇಲೆದರ್:
82ರಲ್ಲಿ ಆ ಬಾಲೇ ಹುಟ್ಟಿರ್ಲಿಲ್ಲ ಗುರು. ಸ್ಟರ್ನ್ ಹೆಸ್ರು ಬರೋಕೆ ಇನ್ನೂ ಎರಡು ವರ್ಷ ಇತ್ತು, ಸಾಲದ್ದಕ್ಕೆ ಆಗ ಲೀಗಿನ ಬಾಲ್ ವಿಲ್ಸನ್‌ದು, ಸ್ಪಾಲ್ಡಿಂಗ್ ಬಂದಿದ್ದು 83ರಲ್ಲಿ. ಕಾಗದ ಬರೆದೋನು ಬಾಲನ್ನೇ ಓದಿಲ್ಲ. ಹರಾಜಿನ ಪೇಜಿನ ಸ್ಕ್ರೀನ್‌ಶಾಟ್ ತೆಗ್ದಿಟ್ಕೊಂಡು ಇವತ್ತೇ ರಿಟರ್ನ್ ಕೇಳಿ.

ಎಬಿಎಪ್ರೇಮಿ:
ಲೇಟಾಗಿ ಬಂದೆ. ಇದೇ ಥರ ಇನ್ನೊಂದು ಹೇಳ್ತೀನಿ, ಎನ್‌ಬಿಎ ಆಟಗಾರ ಕರೀಮ್ ಅಬ್ದುಲ್ ಜಬ್ಬಾರ್ ಹೆಸ್ರು ಬದಲಾಯಿಸ್ಕೊಂಡಿದ್ದು 1971ರಲ್ಲಿ, ಅಲ್ಲೀವರೆಗೂ ಎಲ್ರಿಗೂ ಲ್ಯೂ ಆಲ್ಸಿಂಡರ್, ಹಾಗಾಗಿ "1970ರಲ್ಲಿ ಸೈನ್ ಮಾಡಿದ್ದು" ಅಂತ ಕರೀಮ್ ಅನ್ನೋ ಸೈನ್ ತೋರ್ಸಿದ್ರೆ ನಕ್ಕು ಮುಂದೆ ಹೋಗಿ. ಹಳೇ ಫೋಟೋ ಮೇಲೆ ಆಮೇಲೆ ಹಾಕಿದ್ದಾದ್ರೆ ಪರ್ವಾಗಿಲ್ಲ, ಆದ್ರೆ ಹಾಗಂತ ಹೇಳಿ ಮಾರ್ಬೇಕು. ಮತ್ತೆ ಮುಂದೆ ಒಳ್ಳೇ ಬಾಲ್ ಸಿಕ್ಕಾಗ ಬಿಸಿಲು ಬೀಳೋ ಕಡೆ ಇಡ್ಬೇಡಿ, ಗಾಳಿ ಬಿಗಿಯಾಗಿ ತುಂಬ್ಬೇಡಿ, ಲೆದರ್ ಎಳೆದು ಸೈನ್ ಬಿರುಕು ಬಿಡುತ್ತೆ.

ಕಾರ್ಡುಮರುಳ:
ರಿಟರ್ನ್ ಕೇಳ್ದೆ, "82 ಅಲ್ಲ 85, ಟೈಪಿಂಗ್ ಮಿಸ್ಟೇಕ್" ಅಂತ ಹತ್ತೇ ನಿಮಿಷಕ್ಕೆ ರಿಪ್ಲೈ ಬಂತು. ಹೊಸ ಸರ್ಟಿಫಿಕೇಟ್ ಕಳಿಸ್ತಾರಂತೆ 🤦