ಭಾವನ ಕೈ ಎಳೆಯಬೇಡ ಅಕ್ಕ

ಅಕ್ಕ, ನಿನ್ನ ಮೆಸೇಜ್ ಈಗ ಕೇಳಿದೆ. ಸ್ಟ್ರೋಕ್ ಆದ ಮೇಲೆ ಭಾವನ ಎಡಗೈ ಬಿಗಿಯಾಗುತ್ತಿದೆ, ವ್ಯಾಯಾಮ ಮಾಡಿಸಿದರೆ ಭುಜ ನೋವು ಅನ್ನುತ್ತಾರೆ ಅಂದೆಯಲ್ಲ. ನೋವಾದರೂ ಬಿಡದೆ ಎಳೆದು ಮೇಲೆತ್ತು ಅಂತ ಚಿಕ್ಕಪ್ಪ ಹೇಳಿದರು. ಚಿಕ್ಕಪ್ಪ, ಬೇಜಾರು ಮಾಡಿಕೊಳ್ಳಬೇಡಿ, ಅದೊಂದು ಬೇಡವೇ ಬೇಡ.

ಸೋತ ಕಡೆ ಭುಜದ ಕೀಲನ್ನು ಹಿಡಿದಿಡುವ ಬಲ ಸ್ನಾಯುಗಳಿಗೆ ಇರುವುದಿಲ್ಲ. ಮಣಿಕಟ್ಟು ಹಿಡಿದು ಜಗ್ಗಿದರೆ ಕೀಲು ಜಾರಬಹುದು. ಹಾಸಿಗೆಯಿಂದ ಎಬ್ಬಿಸುವಾಗಲೂ ಅಷ್ಟೇ, ಆ ಕೈ ಎಳೆಯಬೇಡ, ಕಂಕುಳಿಗೆ ಕೈ ಕೊಟ್ಟು ಎತ್ತಬೇಡ.

ಆಸ್ಪತ್ರೆ ವಾರ್ಡಿನಲ್ಲಿ ನಾವು ಮಾಡಿಸುವುದು ಹೀಗೆ. ಒಂದು ಕೈ ಅವರ ಮೊಣಕೈ ಕೆಳಗೆ, ಇನ್ನೊಂದು ಮಣಿಕಟ್ಟಿನ ಕೆಳಗೆ. ಪೂರ್ತಿ ಭಾರ ನಿನ್ನ ಮೇಲಿರಲಿ. ಅವರ ಹೆಬ್ಬೆರಳು ಮೇಲಕ್ಕಿರಲಿ. ನಿಧಾನವಾಗಿ ಎತ್ತು, ಬಿಗಿ ಸಿಕ್ಕ ಕಡೆ ನಿಲ್ಲು, ಸ್ವಲ್ಪ ಹೊತ್ತು ಹಿಡಿದು ವಾಪಸ್ ಇಳಿಸು. ಭುಜದ ಎತ್ತರದವರೆಗೆ ಸಾಕು. ಅದರ ಮೇಲೆ ಎತ್ತುವುದನ್ನು ಫಿಸಿಯೋ, ಅಂದರೆ ವ್ಯಾಯಾಮ ಚಿಕಿತ್ಸೆ ಕೊಡುವವರ ಎದುರಿಗೇ ಕಲಿತುಕೊ. ಬೇಗ ಬೇಗ ಆಡಿಸಿದರೆ ಸ್ನಾಯು ಇನ್ನೂ ಜಾಸ್ತಿ ಬಿಗಿಯುತ್ತದೆ, ಅವಸರ ಬೇಡ. ಬೆರಳು ಬಿಡಿಸುವ ಮೊದಲು ಮಣಿಕಟ್ಟನ್ನು ಅಂಗೈ ಕಡೆಗೆ ಬಾಗಿಸು, ಬೆರಳು ತಾನಾಗಿಯೇ ಸಡಿಲವಾಗುತ್ತದೆ. ಮಾಡಿ ನೋಡು, ನಿನಗೇ ಆಶ್ಚರ್ಯವಾಗುತ್ತದೆ!

ಹಾಂ, ಕೈ ಗಲಾಟೆಯಲ್ಲಿ ಪಾದ ಮರೆಯಬೇಡ. ಮಲಗೇ ಇದ್ದರೆ ಪಾದ ಕೆಳಗೆ ಬಾಗಿ ಹಾಗೇ ಗಟ್ಟಿಯಾಗುತ್ತದೆ. ಆಮೇಲೆ ನಿಲ್ಲಿಸಿದರೆ ಹಿಮ್ಮಡಿ ನೆಲ ಮುಟ್ಟುವುದಿಲ್ಲ. ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು, ನಿನ್ನ ಮುಂಗೈಯಿಂದ ಪಾದವನ್ನು ಅವರ ಮುಖದ ಕಡೆ ಮೆಲ್ಲಗೆ ಒತ್ತು. ಮಂಡಿ ಕೆಳಗೆ ಸದಾ ದಿಂಬು ಇಡಬೇಡ. ಹಾಯೆನಿಸುತ್ತದೆ ನಿಜ, ಆದರೆ ಮಂಡಿ ಮಡಚಿದ ಹಾಗೇ ಉಳಿಯುತ್ತದೆ.

ಒಂದೊಂದು ಕೀಲಿಗೆ 5ರಿಂದ 10 ಸಲ, ದಿನಕ್ಕೆ ಎರಡು ಹೊತ್ತು ಮಾಡಿಸು. ಬಿಸಿನೀರಿನ ಸ್ನಾನ ಆದ ಮೇಲೆ ಸುಲಭ. ಭಾವನಿಗೆ ಎಷ್ಟು ಎತ್ತಲು ಆಗುತ್ತದೋ ಅಷ್ಟು ಅವರೇ ಎತ್ತಲಿ, ಉಳಿದದ್ದಕ್ಕೆ ಮಾತ್ರ ನೀನು ಕೈ ಕೊಡು. ಸುಮ್ನೆ ನಾವೇ ಆಡಿಸಿದರೆ ಕೀಲು ಸಡಿಲ ಇರುತ್ತದೆ ಅಷ್ಟೇ, ಬಲ ಬರುವುದಿಲ್ಲ.

ಒಂದು ಕಾಲಿನ ಮೀನಖಂಡ ಮಾತ್ರ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಆ ಕಾಲನ್ನು ಆಡಿಸಬೇಡ, ಉಜ್ಜಲೂ ಬೇಡ. ರಕ್ತ ಹೆಪ್ಪುಗಟ್ಟಿರಬಹುದು, ತಕ್ಷಣ ಡಾಕ್ಟರಿಗೆ ತಿಳಿಸು. ಈಗ ಎರಡೂ ಕಾಲು ನೋಡಿ ನನಗೊಂದು ಮಾತು ಹೇಳು. ಇವತ್ತಿಗೆ ಭುಜ ಬಿಟ್ಟುಬಿಡು, ಬೆರಳು, ಪಾದ ಮಾಡಿಸು. ನಾಳೆ ಫಿಸಿಯೋಗೆ ಭುಜ ತೋರಿಸೋಣ.